ಗುರುವಾರದ ಲಸಿಕೆ: ಮಗಳನ್ನು ಹಿಡಿದುಕೊಳ್ಳಲು ನಾನು ಕಲಿತದ್ದು

ಮಗಳಿಗೆ ಆರು ವಾರ ತುಂಬಿದಾಗ ನಾನಿನ್ನೂ ತವರಿನಲ್ಲಿ ಬಾಣಂತಿ. ಮಂಡ್ಯ ತಾಲ್ಲೂಕಿನ ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಗುರುವಾರ ಲಸಿಕೆಯ ದಿನವಾದ್ದರಿಂದ, ಹಿಂದಿನ ಸಂಜೆಯೇ ಆಶಾ ಕಾರ್ಯಕರ್ತೆ ಮನೆಗೆ ಬಂದು, ತಾಯಿ ಕಾರ್ಡ್ ಮರೆಯದೆ ತರಬೇಕೆಂದೂ ತೋಳು, ತೊಡೆ ಸುಲಭವಾಗಿ ಬಿಚ್ಚಲು ಬರುವಂತಹ ಸಡಿಲ ಬಟ್ಟೆ ಹಾಕಬೇಕೆಂದೂ ಹೇಳಿ ಹೋಗಿದ್ದರು. ಎರಡನ್ನೂ ಪಾಲಿಸಿದೆ. ಆದರೆ ಸೂಜಿ ಕಣ್ಣಿಗೆ ಬಿದ್ದೊಡನೆ ಮಗುವನ್ನು ಅಮ್ಮನ ಕೈಗಿತ್ತು ಹೊರಗಿನ ಜಗಲಿಯಲ್ಲಿ ನಿಂತುಬಿಟ್ಟೆ.

ಹುಟ್ಟಿದ ದಿನ ಹೆರಿಗೆ ಆಸ್ಪತ್ರೆಯಲ್ಲೇ ಕ್ಷಯ ತಡೆಯುವ ಬಿಸಿಜಿ, ಹೆಪಟೈಟಿಸ್ ಬಿ ಮತ್ತು ಮೊದಲ ಪೋಲಿಯೋ ಹನಿ ಆಗಿದ್ದವು. ಆಗ ನನಗೆ ಅದನ್ನೆಲ್ಲ ಗಮನಿಸುವಷ್ಟು ಎಚ್ಚರವಿರಲಿಲ್ಲ. ಆರನೆಯ ವಾರದ್ದು ದೊಡ್ಡ ಪಟ್ಟಿ. ಬಾಯಿಗೆ ಪೋಲಿಯೋ ಹನಿ ಮತ್ತು ಭೇದಿ ತಡೆಯುವ ರೋಟಾ ವೈರಸ್ ಲಸಿಕೆ, ಬಲತೋಳಿನ ಚರ್ಮಕ್ಕೆ ಪೋಲಿಯೋದ ಸಣ್ಣ ಚುಚ್ಚುಮದ್ದು, ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಎಡತೊಡೆಗೆ ಪೆಂಟಾವೇಲೆಂಟ್. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಮಕ್ಕಳಿಗೆ ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ತರುವ ಹಿಬ್ ಎಂಬ ಐದು ಸೋಂಕುಗಳಿಗೆ ಈ ಕೊನೆಯದೊಂದೇ ಸಾಕಾಗುತ್ತದೆ. ಅಮ್ಮ ಮೊಮ್ಮಗಳಿಗೆ ನೋವಾದೀತೆಂದು ಕಾಲನ್ನು ಹೂವಿನಂತೆ ಹಿಡಿದಿದ್ದರಂತೆ. ಮಗು ಒದ್ದ ರಭಸಕ್ಕೆ ಸಿಸ್ಟರ್ ಎರಡು ಸಲ ಕೈ ಹಿಂದೆಗೆಯಬೇಕಾಯಿತು. ಅರ್ಧ ನಿಮಿಷದಲ್ಲಿ ಮುಗಿಯಬೇಕಾದದ್ದು ಬೆಳೆಯುತ್ತ ಹೋಯಿತು, ಜಗಲಿಯಲ್ಲಿದ್ದ ನಾನು ಅಷ್ಟೂ ಅಳುವನ್ನು ಕೇಳಿಸಿಕೊಂಡೆ. ಕೊನೆಗೆ ಸಿಸ್ಟರೇ ಬಾಗಿಲಿಗೆ ಬಂದು, "ನೀವು ಹೊರಗೆ ನಿಂತರೆ ಮಗುವಿಗೆ ನೋವು ಕಡಿಮೆಯಾಗುವುದಿಲ್ಲಮ್ಮ, ಒಳಗೆ ಬಂದು ಹಾಲು ಕುಡಿಸಿ" ಎಂದರು. ಎದೆಗೆ ಹಚ್ಚಿದ ಮೇಲೆ ಒಂದೆರಡು ಬಿಕ್ಕು, ಅಷ್ಟೇ. ಪೋಲಿಯೋ ಹನಿ ಹಾಕಿದ ಮೇಲೆ ಹಾಲು ಕೊಡಬಾರದು ಎಂದು ಅಕ್ಕಪಕ್ಕದವರು ಹೇಳಿದ್ದನ್ನು ನಂಬಿದ್ದ ನನಗೆ, ಅಂತಹ ನಿರ್ಬಂಧವೇನೂ ಇಲ್ಲವೆಂಬುದು ಅಂದೇ ತಿಳಿದದ್ದು.

ಅದೇ ದಿನ ಎಡತೋಳಿನಲ್ಲಿ ಬಿಸಿಜಿ ಹಾಕಿದ್ದ ಜಾಗದ ಗುಳ್ಳೆ ಕೀವು ತುಂಬಿ ನಿಂತಿತ್ತು. ನಂಜಾಗಿದೆಯೆಂದು ಅಮ್ಮ ಅರಿಸಿನ ಹಚ್ಚಲು ಸಿದ್ಧವಾಗಿದ್ದರು. ಅದು ಹಾಗೆಯೇ ಆಗಬೇಕಾದದ್ದು, ಹಿಸುಕಬಾರದು, ಏನನ್ನೂ ಹಚ್ಚಬಾರದು, ತಾನಾಗಿ ಒಡೆದು ಒಣಗಿ ಕಲೆ ಉಳಿಯುತ್ತದೆ ಎಂದು ಸಿಸ್ಟರ್ ವಿವರಿಸಿದರು. ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು. ತೀವ್ರ ಅಲರ್ಜಿ ಅಪರೂಪವಾದರೂ ಬಂದರೆ ಬಹುತೇಕ ಆ ಹೊತ್ತಿನೊಳಗೇ ಕಾಣಿಸಿಕೊಳ್ಳುತ್ತದೆ, ಆಗ ಚಿಕಿತ್ಸೆ ಕೈಗೆಟುಕುವಂತಿರಬೇಕು. ಹೊರಡುವ ಮುಂಚೆ ಪ್ರತಿ ತಾಯಿಗೂ ನಾಲ್ಕು ಮಾತು ಹೇಳುತ್ತಿದ್ದರು: ಯಾವ ಲಸಿಕೆ ಯಾವ ರೋಗಕ್ಕೆ, ಏನು ತೊಂದರೆಯಾಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಕಾರ್ಡನ್ನು ಜೋಪಾನವಾಗಿಡಿ. ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ನಾಲ್ಕನೆಯದು ಮಾತ್ರ.

ನಿಜವಾದ ಕಷ್ಟವಿದ್ದದ್ದು ಆ ರಾತ್ರಿಯಲ್ಲಿ. ಸಂಜೆ ಆರರ ಹೊತ್ತಿಗೆ ಮೈ ಸುಡತೊಡಗಿತು, ಥರ್ಮಾಮೀಟರಿನಲ್ಲಿ 101 ಡಿಗ್ರಿ. ಎಡತೊಡೆ ಕೆಂಪಾಗಿ ಊದಿತ್ತು, ಎತ್ತಿಕೊಳ್ಳಲು ಹೋದರೆ ಚೀರುತ್ತಿದ್ದಳು. ಜ್ವರ ಬರುವ ಮುಂಚೆಯೇ ಔಷಧಿ ಕೊಡಬೇಡಿ, ಬಂದರೆ ಪ್ಯಾರಾಸಿಟಮಾಲ್ ಡ್ರಾಪ್ಸ್ ಅರ್ಧ ಎಂಎಲ್ ಕೊಡಿ ಎಂದು ವೈದ್ಯರು ಅವಳ 4.4 ಕಿಲೋ ತೂಕ ನೋಡಿ ಬರೆದುಕೊಟ್ಟಿದ್ದರು. ಆದರೆ ಮನೆಯಲ್ಲಿದ್ದದ್ದು ಅಕ್ಕನ ಮಗನ ಸಿರಪ್. ಹೆಸರು ಒಂದೇ ಅಲ್ಲವೇ ಎಂದು ಅದರಿಂದಲೇ ಅರ್ಧ ಎಂಎಲ್ ಕುಡಿಸಿದೆ. ಗಂಟೆ ಕಳೆದರೂ ಜ್ವರ ಇಳಿಯದಾಗ ಗಾಬರಿಯಿಂದ ವೈದ್ಯರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ, "ಬಾಟಲಿಯ ಮೇಲೆ ಏನು ಬರೆದಿದೆ ಓದಿ" ಎಂಬುದು. ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಔಷಧಿಯಿದ್ದರೆ, ನಮ್ಮ ಸಿರಪ್‌ನಲ್ಲಿ ಐದು ಎಂಎಲ್‌ಗೆ 125 ಮಿಲಿಗ್ರಾಂ, ಅಂದರೆ ಎಂಎಲ್‌ಗೆ 25 ಮಾತ್ರ. ಮಗುವಿಗೆ ಸಿಕ್ಕಿದ್ದು ಬೇಕಾದುದರ ಕಾಲುಭಾಗ. ತಪ್ಪು ಆ ದಿಕ್ಕಿನಲ್ಲಾದದ್ದು ನಮ್ಮ ಪುಣ್ಯ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟಿದ್ದರೆ ನಾಲ್ಕು ಪಟ್ಟು ಹೋಗುತ್ತಿತ್ತು. ಅವರು ಹೇಳಿದಂತೆ ನನ್ನ ಯಜಮಾನರು ಹೋಗಿ ಡ್ರಾಪ್ಸ್ ತಂದರು, ಹತ್ತೂವರೆಗೆ ಬೆವರು ಕಾಣಿಸಿತು.

ತೊಡೆಯ ಊತದ ವಿಚಾರದಲ್ಲಿ ಅಮ್ಮನದೇ ಬೇರೆ ಶಾಸ್ತ್ರ. "ಬೆಚ್ಚಗೆ ಎಣ್ಣೆ ಹಚ್ಚಿ ನೀವಿದ್ರೆ ಇಳ್ದೋಯ್ತದೆ ಕಣವ್ವ" ಎಂದು ಹರಳೆಣ್ಣೆಯ ಬಟ್ಟಲನ್ನು ಒಲೆಯ ಪಕ್ಕಕ್ಕಿಟ್ಟಿದ್ದರು. ದಿನವೂ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದು ನನ್ನನ್ನೂ ಮಗುವನ್ನೂ ಚೇತರಿಸಿದ ಕೈ ಅದು. ಬೇಡವೆನ್ನಲು ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ: ತಲೆಗೆ, ಬೆನ್ನಿಗೆ ಹಚ್ಚಿ, ಆ ತೊಡೆಯನ್ನು ಮಾತ್ರ ಎರಡು ದಿನ ಬಿಟ್ಟುಬಿಡಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯನ್ನು ಉಜ್ಜದೆ ಇಟ್ಟು ತೆಗೆಯುತ್ತಿದ್ದೆವು. ಮೂರನೆಯ ದಿನಕ್ಕೆ ಊತ ಹೋಯಿತು, ಕಡಲೆಕಾಳಿನಷ್ಟು ಗಂಟೊಂದು ಚರ್ಮದಡಿಯಲ್ಲಿ ಕೆಲವು ವಾರ ಉಳಿದು ತಾನಾಗಿ ಕರಗಿತು. ಮೂರು ಗಂಟೆಗೂ ಮೀರಿ ಬಿಡದೆ ಅತ್ತರೆ, ಹಾಲು ಕುಡಿಯದಿದ್ದರೆ, ಮಂಪರಾಗಿ ಮಲಗಿದರೆ, ಫಿಟ್ಸ್ ಬಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕೆಂದು ವೈದ್ಯರು ಹೇಳಿದ್ದನ್ನು ಮಾತ್ರ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ.

ಹತ್ತನೆಯ ವಾರ ಮಗಳಿಗೆ ನೆಗಡಿಯಾಗಿತ್ತು. ಮುಂದೂಡೋಣವೆಂದರು ಮನೆಯವರು, ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲವೆಂದರು ಸಿಸ್ಟರ್. ಒಂದೇ ಚುಚ್ಚುಮದ್ದು, ಬೇಗ ಮುಗಿಯಿತು.

ಹದಿನಾಲ್ಕನೆಯ ವಾರ ಮತ್ತೆ ಮೂರು ಚುಚ್ಚುಮದ್ದು. ಈ ಸಲ ಹಿಡಿದುಕೊಂಡವಳು ನಾನೇ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕುಳಿತು, ಮಗುವನ್ನು ಅಡ್ಡಲಾಗಿ ಮಡಿಲಲ್ಲಿಟ್ಟು, ನನ್ನ ಕಡೆಗಿದ್ದ ಅವಳ ಕೈಯನ್ನು ನನ್ನ ಕಂಕುಳಡಿಯಿಂದ ಬೆನ್ನ ಹಿಂದಕ್ಕೆ ಸರಿಸಿ, ಇನ್ನೊಂದು ಕೈಯನ್ನು ನನ್ನ ಎಡಗೈಯಲ್ಲಿ ಹಿಡಿದೆ. ಮೊಣಕಾಲುಗಳ ಮೇಲೆ ಬಲ ಅಂಗೈ ಇಟ್ಟೆ. ಒತ್ತಬೇಕಿಲ್ಲ, ಒದೆಯಲು ಬಿಡದಿದ್ದರೆ ಸಾಕು. ಹೂವಿನಂತೆ ಹಿಡಿದಾಗ ಹೆಚ್ಚು ನೋಯುತ್ತದೆ, ಗಟ್ಟಿಯಾಗಿ ಹಿಡಿದಾಗ ಕಡಿಮೆ ಎಂಬುದು ನನಗೆ ವಿಚಿತ್ರವೆನಿಸಿತ್ತು; ಸೂಜಿ ಇಳಿಯುವಾಗ ತೊಡೆ ಅಲುಗದಿರುವುದೇ ಅದರ ಗುಟ್ಟು. ನಾನು ಸೂಜಿಯನ್ನು ನೋಡದೆ ಅವಳ ಮುಖವನ್ನೇ ನೋಡುತ್ತ, ಅವಳು ಸ್ನಾನದ ಹೊತ್ತಿನಲ್ಲಿ ಕೇಳುವ ಜೋಗುಳವನ್ನು ಹೇಳುತ್ತಿದ್ದೆ. ಮೂರನೆಯದು ಮುಗಿದೊಡನೆ ಎದೆಗೆ ಹಚ್ಚಿದೆ. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷವೂ ಆಗಿರಲಿಲ್ಲ.

ಒಂಬತ್ತು ತಿಂಗಳಿಗೆ ಆ ಹಿಡಿತ ನಡೆಯಲಿಲ್ಲ. ಅಷ್ಟರಲ್ಲಿ ಅವಳಿಗೆ ಪರಿಚಿತ ಮುಖ, ಅಪರಿಚಿತ ಮುಖ ಗೊತ್ತಾಗುತ್ತಿತ್ತು. ಸಿಸ್ಟರ್ ಸಮೀಪಿಸಿದರೇ ಅಳು. ನೆಟ್ಟಗೆ ಕೂರಿಸಿ ಎದೆಗೆ ಎದೆ ಒತ್ತಿ ತಬ್ಬಿಕೊಂಡೆ, ನನ್ನ ಹಿಂದೆ ನಿಂತ ಯಜಮಾನರು ಸ್ಟೀಲ್ ಲೋಟಕ್ಕೆ ಚಮಚ ಬಡಿದರು. ದಡಾರ-ರುಬೆಲ್ಲಾ ಸೀಸೆಯನ್ನು ತೆರೆದು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಬಳಸುವಂತಿಲ್ಲ. ಸಿಸ್ಟರ್ ಅದರ ಚೀಟಿಯ ಮೇಲೆ ಪೆನ್ನಿನಲ್ಲಿ ಹೊತ್ತು ಬರೆಯುವುದನ್ನು ಕಂಡ ಮೇಲೆ, ಬೆಳಿಗ್ಗೆಯೇ ಬನ್ನಿ ಎಂದು ಅಷ್ಟು ಒತ್ತಾಯ ಮಾಡುತ್ತಿದ್ದುದು ಏಕೆಂದು ಅರ್ಥವಾಯಿತು. ಗದ್ದೆ ನೀರು ನಿಂತು ಸೊಳ್ಳೆ ಹೆಚ್ಚುವ ನಮ್ಮ ಜಿಲ್ಲೆಯಲ್ಲಿ, ಸೊಳ್ಳೆಯಿಂದ ಹರಡುವ ಮೆದುಳು ಜ್ವರದ ಲಸಿಕೆಯೂ ಅಂದೇ, ಜೊತೆಗೆ ವಿಟಮಿನ್ ಎ. ಆ ರಾತ್ರಿ ಜ್ವರ ಬರಲಿಲ್ಲ. ಎಂಟನೆಯ ದಿನ ಮೈ ಬೆಚ್ಚಗಾಗಿ ಬೆನ್ನ ಮೇಲೆ ತೆಳುವಾಗಿ ಗಂಧೆಯಂತೆ ಎದ್ದಿತು. ದಡಾರದ ಲಸಿಕೆಯಿಂದ ಹೀಗೆ ತಡವಾಗಿ ಬರುವುದುಂಟೆಂದು ನಾಲ್ಕು ಮಾತಿನಲ್ಲಿ ಎರಡನೆಯದನ್ನು ಹೇಳುವಾಗ ಸಿಸ್ಟರ್ ಎಚ್ಚರಿಸಿದ್ದರು. ಈ ಸಲ ನನ್ನ ಕಿವಿ ತೆರೆದಿತ್ತು.

ಮುಂದಿನದು ಹದಿನಾರು ತಿಂಗಳಿಗೆ. ದಿನಾಂಕ ಕಾರ್ಡಿನಲ್ಲಿದೆ, ಕಾರ್ಡು ಅಕ್ಕಿ ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿದೆ, ಪಕ್ಕದಲ್ಲೇ ಡ್ರಾಪ್ಸ್ ಇದೆ. ಅವಳ ತೂಕ ಈಗ ಎರಡು ಪಟ್ಟಿಗಿಂತ ಹೆಚ್ಚಾಗಿರುವುದರಿಂದ ಅದರ ಮೇಲೆ ಹಿಂದೆ ಬರೆದಿದ್ದ ಅಳತೆಯನ್ನು ಹೊಡೆದುಹಾಕಿದ್ದೇನೆ. ಹೊಸದನ್ನು ವೈದ್ಯರನ್ನು ಕೇಳಿ ಬರೆಯಬೇಕು.