ಟಾರ್ಕ್ ಲೆಕ್ಕದಲ್ಲಿ ತಿರುಗುಬಿಂದು ಎಲ್ಲಿ ಇಡಬೇಕು?

ಅಲುಗಾಡದೆ ನಿಂತಿರುವ ವಸ್ತುವಿನ ಟಾರ್ಕ್ (ಬಲದ ತಿರುಗಿಸುವ ಪರಿಣಾಮ, ಅಂದರೆ ಬಲ × ತಿರುಗುಬಿಂದುವಿನಿಂದ ಅದಕ್ಕಿರುವ ದೂರ) ಲೆಕ್ಕ ಮಾಡುವಾಗ, ನಿಮಗೆ ಗೊತ್ತಿಲ್ಲದ ಬಲ ಎಲ್ಲಿದೆಯೋ ಅಲ್ಲೇ ತಿರುಗುಬಿಂದು ಇಟ್ಟುಕೊಳ್ಳಿ. ಅಲ್ಲಿಂದ ಆ ಬಲಕ್ಕೆ ದೂರ ಸೊನ್ನೆ, ಹಾಗಾಗಿ ಅದರ ಟಾರ್ಕೂ ಸೊನ್ನೆ. ಸಮೀಕರಣದಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ವಸ್ತು ಯಾವ ಬಿಂದುವಿನ ಸುತ್ತಲೂ ತಿರುಗುತ್ತಿಲ್ಲ ಅಲ್ವಾ? ಆದ್ದರಿಂದ ಯಾವ ಬಿಂದು ಹಿಡಿದರೂ ಸರಿಯೇ, ಅಲ್ಲಿ ನಿಜವಾದ ಕೀಲು ಇರಲೇಬೇಕು ಅಂತೇನಿಲ್ಲ. ಒಂದು ಉದಾಹರಣೆ: 4 ಮೀಟರ್ ಉದ್ದದ, 10 ಕೆಜಿಯ, ಉದ್ದಕ್ಕೂ ಒಂದೇ ಸಮನಾದ ಹಲಗೆ, ಎರಡೂ ತುದಿಗೆ ಆಧಾರ. ಎಡತುದಿಯಿಂದ 1 ಮೀಟರ್ ದೂರದಲ್ಲಿ 60 ಕೆಜಿಯ ಒಬ್ಬರು ನಿಂತಿದ್ದಾರೆ. ಎಡತುದಿಯನ್ನೇ ತಿರುಗುಬಿಂದು ಮಾಡಿ. ಹಲಗೆಯ ಭಾರವೆಲ್ಲ ಅದರ ದ್ರವ್ಯರಾಶಿ ಕೇಂದ್ರದಲ್ಲಿ, ಅಂದರೆ 2 ಮೀಟರ್ ದೂರದಲ್ಲಿ ಇದೆ ಅಂದುಕೊಳ್ಳಿ. 60×1 + 10×2 = 80. ಹಲಗೆ ತಿರುಗದಿರಲು 4 ಮೀಟರ್ ದೂರದ ಬಲಗಡೆಯ ಆಧಾರ ಇಷ್ಟೇ ಟಾರ್ಕನ್ನು ಎದುರು ದಿಕ್ಕಿಗೆ ಕೊಡಬೇಕು, ಹಾಗಾಗಿ ಇದನ್ನು 4ರಿಂದ ಭಾಗಿಸಿದರೆ ಅದು ಹೊರುವುದು 20 ಕೆಜಿ ಭಾರ, ಉಳಿದ 50 ಎಡಗಡೆಗೆ. ಗುರುತ್ವದ 9.8 ಸಮೀಕರಣದ ಎರಡೂ ಕಡೆ ಇರುವುದರಿಂದ ಸುಮ್ನೆ ಗುಣಿಸುತ್ತಾ ಕೂರಬೇಡಿ. ಕೀಲಿಗೆ ಕಟ್ಟಿದ ತೊಲೆಯ ಲೆಕ್ಕದಲ್ಲಂತೂ ಲಾಭ ಇನ್ನೂ ಜಾಸ್ತಿ, ಕೀಲಿನ ಅಡ್ಡ ಬಲ, ಲಂಬ ಬಲ ಎರಡೂ ಒಂದೇ ಏಟಿಗೆ ಮಾಯ. ಆದರೆ ವಸ್ತು ವೇಗ ಬದಲಿಸುತ್ತಿದ್ದರೆ ಈ ಸ್ವಾತಂತ್ರ್ಯ ಇಲ್ಲ. ಬ್ರೇಕ್ ಹಾಕಿದ ಬೈಕಿನ ಮುಂಚಕ್ರದ ಮೇಲಿನ ಭಾರ ಬೇಕಿದ್ದರೆ ನೆಲದ ಬಿಂದು ಹಿಡಿಯಬೇಡಿ, ದ್ರವ್ಯರಾಶಿ ಕೇಂದ್ರವನ್ನೇ ಹಿಡಿಯಿರಿ. ಇನ್ನು ಒಂದೇ ಹಲಗೆಗೆ ಮೂರು ಆಧಾರ ಇದ್ದರೆ ಯಾವ ಬಿಂದು ಆರಿಸಿದರೂ ಉತ್ತರ ಸಿಗದು, ಹಲಗೆ ಎಷ್ಟು ಬಾಗುತ್ತದೆ ಅನ್ನುವುದೂ ಗೊತ್ತಿರಬೇಕು.