ಬ್ಲಾಂಡ್ ಏಲ್ ಮಾಡಬೇಕೆ? ಮೊದಲು ಬಕೆಟ್ ತಣ್ಣಗಿಡುವುದನ್ನು ಕಲಿಯಿರಿ

ಪುಣೆಯ ಮೈಕ್ರೋಬ್ರೂವರಿಯೊಂದರಲ್ಲಿ ಶನಿವಾರಗಳಂದು ಹತ್ತು ಲೀಟರ್ ಬಿಯರ್ ಮಾಡುವುದನ್ನು ಕಲಿಸುತ್ತೇನೆ. ಬರುವವರಲ್ಲಿ ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯವರು ಬಹಳ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಎಷ್ಟು, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಯಾವುದು ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಬಿಯರ್ ಹುದುಗುವ ಬಕೆಟ್ ಎಲ್ಲಿಡಬೇಕು ಅಂತ ಯಾರೂ ಕೇಳುವುದಿಲ್ಲ. ಕೆಡುವುದು ಅಲ್ಲೇ.

ಮೊದಲೇ ಹೇಳಿಬಿಡುತ್ತೇನೆ: ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ, ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ನಮ್ಮ ಕ್ಲಾಸು ನಡೆಯುವುದು ಬ್ರೂವರಿಯ ಪರವಾನಗಿಯಲ್ಲಿ. ಮನೆಯಲ್ಲಿ ಮಾಡಲು ಕಾನೂನು ಬಿಡುವ ಊರಿನಲ್ಲಿದ್ದೀರೋ, ಇದೇ ಅಳತೆ ಸಾಕು.

ಬ್ಲಾಂಡ್ ಏಲ್ ಎಂದರೆ ಒಣಹುಲ್ಲಿನ ಬಣ್ಣದ, ಕಹಿ ಕಡಿಮೆಯ, ಶೇ 4.5ರ ಆಸುಪಾಸು ಆಲ್ಕೋಹಾಲ್ ಇರುವ ಬಿಯರ್. ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಾದರೆ ಹುರಿದ ಮಾಲ್ಟಿನ ಘಾಟು ಸಣ್ಣಪುಟ್ಟ ತಪ್ಪನ್ನು ಮುಚ್ಚಿಬಿಡುತ್ತದೆ. ಇದು ತಿಳಿಸಾರಿದ್ದ ಹಾಗೆ, ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ನಾಲಿಗೆಗೆ ಗೊತ್ತಾಗುತ್ತದೆ.

ಹಂತ 1: ಪುಣೆಯ ತುಳಶೀಬಾಗ್ ಪೇಟೆಯಲ್ಲಿ 20 ಲೀಟರಿನ ಸ್ಟೀಲ್ ಪಾತ್ರೆ ಕೊಳ್ಳಿ. ಅಗ್ಗದ ಡಿಜಿಟಲ್ ಥರ್ಮಾಮೀಟರ್ ಮೂರು ಡಿಗ್ರಿ ಸುಳ್ಳು ಹೇಳುವುದನ್ನು ನೋಡಿದ್ದೇನೆ. ಕರಗುತ್ತಿರುವ ಐಸಿನಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲವೆಂದು ಗಾಬರಿ ಬೇಡ, ಪುಣೆಯ ಎತ್ತರಕ್ಕೆ ನೀರು ಕುದಿಯುವುದೇ ಸುಮಾರು 98ಕ್ಕೆ.

ಹಂತ 2: 15 ಲೀಟರ್ ನೀರನ್ನು 68 ಡಿಗ್ರಿಗೆ ಕಾಯಿಸಿ, ನುಚ್ಚು ಮಾಡಿದ 2 ಕೆಜಿ ಪೇಲ್ ಮಾಲ್ಟ್, 200 ಗ್ರಾಂ ಗೋಧಿ ಮಾಲ್ಟ್ ತೆಳು ಬಟ್ಟೆಯ ಚೀಲದಲ್ಲಿ ಹಾಕಿ ಮುಳುಗಿಸಿ. 66 ಡಿಗ್ರಿಯಲ್ಲಿ ಒಂದು ಗಂಟೆ. ಚೀಲ ಎತ್ತಿ ಹಿಂಡಿ. ಪಾತ್ರೆಯಲ್ಲಿ ಉಳಿಯುವ ಸಿಹಿ ದ್ರವವೇ ವರ್ಟ್.

ಹಂತ 3: ಮುಚ್ಚಳ ಹಾಕದೆ ಒಂದು ಗಂಟೆ ಕುದಿಸಿ. ಕುದಿ ಬಂದೊಡನೆ 10 ಗ್ರಾಂ ಕ್ಯಾಸ್ಕೇಡ್ ಹಾಪ್ಸ್, ಇಳಿಸಲು ಹತ್ತು ನಿಮಿಷ ಇರುವಾಗ ಇನ್ನೊಂದು 10 ಗ್ರಾಂ. ಇನ್ನೂ ಒಂದು ಹಿಡಿ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ, ಅದು ಬೇರೆ ಬಿಯರ್ ಆಗುತ್ತದೆ.

ಇನ್ನು ಮುಂದೆ ಬಿಯರಿಗೆ ತಾಗುವ ಪ್ರತಿಯೊಂದೂ ಸ್ಯಾನಿಟೈಸ್ ಆಗಿರಬೇಕು, ಸೌಟೂ ಸೇರಿ. ಅಯೋಡಿನ್ ಇರುವ ಆಯೊಡೊಫೋರ್ ದ್ರಾವಣ ಒಳ್ಳೆಯದು. ಡೆಟಾಲ್ ಬೇಡವೇ ಬೇಡ, ಆಸ್ಪತ್ರೆಯ ವಾಸನೆ ಬಿಯರಿಗೆ ಹತ್ತಿದರೆ ಹೋಗುವುದಿಲ್ಲ.

ಈಗ ಹಂತ 4. ಏಪ್ರಿಲ್‌ನಲ್ಲಿ ಇಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ. ಅದರಲ್ಲಿ ಪಾತ್ರೆ ಇಟ್ಟರೆ ಕುದಿದ ವರ್ಟ್ 35ರ ಹತ್ತಿರ ಇಳಿದು ಅಲ್ಲೇ ನಿಲ್ಲುತ್ತದೆ. ಕೈಗೆ ತಣ್ಣಗಿದೆ ಅನ್ನಿಸಿ ಯೀಸ್ಟ್ ಉದುರಿಸಿಬಿಡುತ್ತಾರೆ. ತಡೆಯಿರಿ. ನಲ್ಲಿ ನೀರು ಚೆಲ್ಲಿ, ಟಬ್ಬಿಗೆ ಐದು ಕೆಜಿ ಐಸು ಸುರಿದು 18ಕ್ಕೆ ಇಳಿಸಿ, ವರ್ಟನ್ನು ಬಕೆಟ್ಟಿಗೆ ಬಗ್ಗಿಸಿ, ಆಮೇಲೆ ಯೀಸ್ಟ್. ನಾನು ಯುಎಸ್-05 ಎಂಬ ಒಣ ಏಲ್ ಯೀಸ್ಟ್ ಬಳಸುತ್ತೇನೆ. ಹತ್ತು ಲೀಟರಿಗೆ ಅರ್ಧ ಪ್ಯಾಕೆಟ್ ಸಾಕು.

ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಹೋದ ಬೇಸಿಗೆಯಲ್ಲಿ ಒಬ್ಬರು ತಮ್ಮ ಬಕೆಟ್ ಅನ್ನು ನಮ್ಮ ಎಸಿ ಕೋಣೆಯಲ್ಲಿಟ್ಟು ನಿಶ್ಚಿಂತರಾಗಿದ್ದರು. 'ಎಸಿ 24ಕ್ಕ ಐತ್ರಿ ಸರ' ಎಂದರು. ಬಕೆಟ್ಟಿನ ಮೈಗೆ ಥರ್ಮಾಮೀಟರ್ ಅಂಟಿಸಿದೆ: 28. ಎರಡು ವಾರದ ನಂತರ ಗ್ಲಾಸಿನಿಂದ ಎದ್ದದ್ದು ಕಳಿತ ಬಾಳೆಹಣ್ಣಿನ ವಾಸನೆ, ಅದರ ಹಿಂದೆ ನೈಲ್ ಪಾಲಿಶ್. ದೋಸೆ ಹಿಟ್ಟಿಗೆ ಸೆಕೆ ಒಳ್ಳೆಯದು, ಈ ಯೀಸ್ಟಿಗಲ್ಲ.

ದೊಡ್ಡ ಟಬ್ಬಿನಲ್ಲಿ ಬಕೆಟ್ ಇಟ್ಟು, ಒಳಗಿನ ಬಿಯರಿನ ಮಟ್ಟದವರೆಗೆ ಹೊರಗೆ ನೀರು ತುಂಬಿ. ಫ್ರೀಜರಿನಲ್ಲಿ ಗಟ್ಟಿಯಾದ ಒಂದು ಲೀಟರಿನ ಎರಡು ಬಾಟಲಿ ಆ ನೀರಿಗೆ ಬಿಡಿ, ಬೆಳಿಗ್ಗೆ ರಾತ್ರಿ ಬದಲಿಸಿ. ಬಕೆಟ್ಟಿನ ಮೈಯಲ್ಲಿ 18–19 ಇರಲಿ. ಮೊದಲ ಮೂರು ದಿನ ಮದುವೆ ಮನೆಗೂ ಹೋಗಬೇಡಿ, ರುಚಿ ನಿರ್ಧಾರವಾಗುವುದು ಆಗಲೇ. ನಾಲ್ಕನೇ ದಿನದಿಂದ ನಿಧಾನಕ್ಕೆ 21ಕ್ಕೆ ಏರಲು ಬಿಡಬಹುದು. ಒದ್ದೆ ಟವೆಲ್ ಸುತ್ತಿ ಫ್ಯಾನ್ ಹಾಕುವ ಉಪಾಯ ಪುಣೆಯ ಒಣ ಬೇಸಿಗೆಗೆ ಸರಿ. ಮುಂಬೈ, ಗೋವಾದ ತೇವದ ಗಾಳಿಯಲ್ಲಿ ಟವೆಲ್ಲೇ ಒಣಗುವುದಿಲ್ಲ, ಬಿಯರ್ ಎಲ್ಲಿ ತಣಿಯಬೇಕು?

ಅಡ್ಡದಾರಿ ಒಂದಿದೆ: ನಾರ್ವೆಯ ಕ್ವೈಕ್ ಯೀಸ್ಟ್, 35 ಡಿಗ್ರಿಯಲ್ಲೂ ದುಡಿಯುತ್ತದೆ. ಅದರ ವಾಸ್ ತಳಿ ಬಳಸಿದರೆ ಕಿತ್ತಳೆಯ ಪರಿಮಳ ಬರುತ್ತದೆ. ಕುಡಿಯಬಹುದು, ನನಗದು ಬ್ಲಾಂಡ್ ಅನ್ನಿಸುವುದಿಲ್ಲ. ಬೇಕರಿ ಯೀಸ್ಟ್ ತರುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ.

ಹಂತ 5: ಶುರುವಿಗೆ 1.046 ತೋರಿಸಿದ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ) ಎರಡು ವಾರಕ್ಕೆ 1.010ರ ಸುತ್ತ ನಿಲ್ಲುತ್ತದೆ. ಮೂರು ದಿನ ಅದೇ ಅಂಕಿ ಬಂದರೆ ಮಾತ್ರ ಬಾಟಲಿಗೆ ತುಂಬಿ. ಅವಸರ ಮಾಡಿದರೆ ಬಾಟಲಿ ಒಡೆದು ಗಾಜು ಗೋಡೆಗೆ ಚುಚ್ಚುತ್ತದೆ. ತುಂಬುವ ಮುನ್ನ, ಬಾಟಲಿಯಲ್ಲಿ ಗ್ಯಾಸ್ ಹುಟ್ಟಲೆಂದು, ಹತ್ತು ಲೀಟರಿಗೆ 60 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಆರಿಸಿ ಬಿಯರಿಗೆ ಬೆರೆಸಿ.

ಬಾಟಲಿಗಳು ಎರಡು ವಾರ ಕತ್ತಲಲ್ಲಿರಲಿ, ಆಮೇಲೆ ಎರಡು ದಿನ ಫ್ರಿಜ್ಜಿನಲ್ಲಿ. ಬಗ್ಗಿಸುವಾಗ ತಳದ ಒಂದು ಬೆರಳಷ್ಟು ಗಸಿ ಬಾಟಲಿಯಲ್ಲೇ ಬಿಡಿ.