ದಿನಕ್ಕೆ ಮೂರೇ ಪದ ಸಾಕು

ಮೊದಲೆಲ್ಲ ನಾನು ದಿನಕ್ಕೆ 30 ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದೆ. ವಾರ ಕಳೆದರೆ ನಾಲ್ಕೂ ಉಳಿಯುತ್ತಿರಲಿಲ್ಲ. ಈಗ ಮೂರೇ ಕಲಿಯುತ್ತೇನೆ, ಆದರೆ ಗಟ್ಟಿಯಾಗಿ.

ಸುಮ್ನೆ ಅರ್ಥ ಬರೆದುಕೊಳ್ಳಬೇಡಿ, ಪದವನ್ನು ಬಿಡಿಸಿ ನೋಡಿ. ‘ಬೆನೆವೊಲೆಂಟ್’ ಎಂದರೆ ಒಳ್ಳೆಯದನ್ನು ಬಯಸುವವರು. ಲ್ಯಾಟಿನ್‌ನಲ್ಲಿ ‘ಬೆನೆ’ ಅಂದರೆ ಚೆನ್ನಾಗಿ, ‘ಮಾಲೆ’ ಅಂದರೆ ಕೆಟ್ಟದಾಗಿ. ಹಾಗಾದರೆ ‘ಮಲೆವೊಲೆಂಟ್’ ಯಾರು? ಕೇಡು ಬಯಸುವವರು. ನಿಘಂಟು ತೆರೆಯದೆಯೇ ಗೊತ್ತಾಯಿತು, ಅಲ್ವಾ? ನಮಗೆಲ್ಲ ಗೊತ್ತಿರುವ ‘ಬೆನಿಫಿಟ್’ ಕೂಡ ಇದೇ ಮನೆತನದ್ದು. ಒಂದು ಬೇರು ಹಿಡಿದರೆ ಇಡೀ ಬಳ್ಳಿ ಕೈಗೆ ಬರುತ್ತದೆ. ನನಗೆ ಇದರಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

ಆಮೇಲೆ ನಿಮ್ಮದೇ ಬದುಕಿನಿಂದ ಒಂದು ವಾಕ್ಯ ಬರೆಯಿರಿ. ‘ರಿಲಕ್ಟಂಟ್’ ಪದಕ್ಕೆ ನಾನು ಬರೆದದ್ದು, ಹಲ್ಲಿನ ಡಾಕ್ಟರ ಬಳಿ ಹೋಗಲು ಮಗಳು ಹಿಂದೇಟು ಹಾಕಿದ್ದನ್ನು. ಬಾಗಿಲ ಚಿಲಕ ಹಿಡಿದು ನಿಂತ ಅವಳ ಮುಖ ನೆನಪಾದರೆ ಪದವೂ ನೆನಪಾಗುತ್ತದೆ.

ಒಂದೇ ಥರ ಕಾಣುವ ಜೋಡಿಗಳಲ್ಲಿ ಹುಷಾರು. ‘ಅನ್‌ಇಂಟರೆಸ್ಟೆಡ್’ ಅಂದರೆ ಆಸಕ್ತಿ ಇಲ್ಲದವರು. ‘ಡಿಸ್‌ಇಂಟರೆಸ್ಟೆಡ್’ ಅನ್ನು ಎಚ್ಚರದಿಂದ ಬರೆಯುವವರು ಬಳಸುವುದು ಪಕ್ಷಪಾತ ಇಲ್ಲದವರಿಗೆ.

ಮಾರನೇ ದಿನ, ಮೂರನೇ ದಿನ, ಆಮೇಲೆ ವಾರಕ್ಕೊಮ್ಮೆ ಅರ್ಥವನ್ನು ಕೈಯಿಂದ ಮುಚ್ಚಿ ಹೇಳಿಕೊಳ್ಳಿ. ತಪ್ಪಿದ ಪದದ ಪಕ್ಕ ಚುಕ್ಕಿ ಇಡಿ. ಮೂರು ಚುಕ್ಕಿ ಬಿದ್ದರೆ ಹಳೆಯ ವಾಕ್ಯ ಹೊಡೆದು ಹಾಕಿ, ಹೊಸದು ಬರೆಯಿರಿ.